ದಗ್ಮಾರ್ ಅಥವಾ ಫಿಲಿಪ್ಪಾ: ಪ್ರಬಂಧಕ್ಕೆ ಯಾವ ರಾಣಿ?

ಮಧ್ಯಯುಗದ ಡೆನ್ಮಾರ್ಕಿನ ರಾಣಿಯರಲ್ಲಿ ಯಾರ ಬಗ್ಗೆ ಬರೆಯಲಿ ಎಂದು ಕೇಳಿದ್ದೀರಿ. ದಗ್ಮಾರ್, ಫಿಲಿಪ್ಪಾ ಇಬ್ಬರೂ ಹೊರದೇಶದಿಂದ ಸೊಸೆಯಾಗಿ ಬಂದವರು. ಆದರೆ ನಿಮ್ಮ ಕೆಲಸ ಎರಡೂ ಕಡೆ ಒಂದೇ ಥರ ಇರುವುದಿಲ್ಲ.

ಮೊದಲು ದಾಖಲೆ ನೋಡಿ. ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ದಗ್ಮಾರ್ 1205ರಲ್ಲಿ ಡೆನ್ಮಾರ್ಕಿನ ರಾಜ ಎರಡನೇ ವಾಲ್ಡೆಮಾರ್‌ನನ್ನು ಮದುವೆಯಾದಳು. ಅವಳ ಬಗ್ಗೆ ಆ ಕಾಲದ ಬರಹ ತೀರಾ ಕಡಿಮೆ. ಫಿಲಿಪ್ಪಾ ಇಂಗ್ಲೆಂಡಿನ ನಾಲ್ಕನೇ ಹೆನ್ರಿಯ ಮಗಳು. 1406ರಲ್ಲಿ ಲುಂಡ್‌ನಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರಕ್ಕೂ ರಾಜನಾಗಿದ್ದ ಎರಿಕ್‌ನ ಜೊತೆ ಮದುವೆಯಾದಾಗ ಅವಳಿಗೆ ಸುಮಾರು 12 ವರ್ಷ ಅಷ್ಟೇ. ಉಟ್ಟದ್ದು ಬಿಳಿ ರೇಷ್ಮೆ, ಅಂಚಿಗೆ ಅಳಿಲಿನ ತುಪ್ಪಳ. ಇಷ್ಟು ಸಣ್ಣ ವಿವರವೂ ಸಿಗುತ್ತದೆ, ಬರೆಯುವವರಿಗೆ ಇನ್ನೇನು ಬೇಕು!

ಅಧಿಕಾರ ಎಂದರೆ ಫಿಲಿಪ್ಪಾಳದೇ ಜಾಸ್ತಿ. 1423ರಿಂದ 1425ರವರೆಗೆ ಎರಿಕ್ ಜೆರುಸಲೇಮ್ ಯಾತ್ರೆಗೆ ಹೋಗಿದ್ದಾಗ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ ಅವಳೇ ನೋಡಿಕೊಂಡಳು. 1428ರಲ್ಲಿ ಹಾನ್ಸಾ ಎಂಬ ಉತ್ತರ ಜರ್ಮನಿಯ ವ್ಯಾಪಾರಿ ಕೂಟದ ನಗರಗಳ ಹಡಗುಗಳು ಕೋಪನ್‌ಹೇಗನ್ ಮೇಲೆ ಬಿದ್ದಾಗ ನಗರದ ರಕ್ಷಣೆಗೆ ನಿಂತವಳೂ ಅವಳೇ.

ಜನರ ಮನಸ್ಸಿನಲ್ಲಿ ಮಾತ್ರ ದಗ್ಮಾರ್‌ಗೆ ಸಾಟಿ ಇಲ್ಲ. ಸಾಯುವ ಹೊತ್ತಿನಲ್ಲಿ ಕೈದಿಗಳನ್ನು ಬಿಡಿಸಿ ಎಂದು ರಾಜನನ್ನು ಬೇಡುವ ರಾಣಿಯಾಗಿ ಅವಳು ಜನಪದ ಹಾಡುಗಳಲ್ಲಿ ಬರುತ್ತಾಳೆ. ವಾಲ್ಡೆಮಾರ್‌ನ ಎರಡನೇ ಹೆಂಡತಿ, ಪೋರ್ಚುಗಲ್ಲಿನ ಬೆರೆಂಗಾರಿಯಾಳನ್ನು ಅದೇ ಹಾಡುಗಳು ಕೆಟ್ಟವಳನ್ನಾಗಿ ಮಾಡಿವೆ. ಪಾಪ, ಅವಳ ಮೂವರು ಮಕ್ಕಳು ರಾಜರಾದರೂ ಅವಳಿಗೆ ಈ ಗತಿ!

ಇತಿಹಾಸ ಅಥವಾ ರಾಜಕೀಯದ ತರಗತಿಗಾದರೆ ಫಿಲಿಪ್ಪಾಳನ್ನು ಹಿಡಿಯಿರಿ. ಜನಪದದಲ್ಲಿ ಆಸಕ್ತಿ ಇದ್ದರೆ ದಗ್ಮಾರ್. ಆದರೆ ಹಾಡಿನ ಮಾತನ್ನು ನಡೆದ ಸಂಗತಿ ಎಂದು ಬರೆಯಬೇಡಿ.