ಹನಿ ಎಣಿಸಿ ಕ್ಲೋರಿನ್ ಲೆಕ್ಕ: ಮನೆಯ ಈಜುಕೊಳಕ್ಕೆ ಟೇಲರ್ ಕೆ-2006 ಪರೀಕ್ಷಾ ಕಿಟ್

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಅಂಚಿನಲ್ಲಿ ನಮ್ಮ ಮನೆಯಿದೆ. ಮನೆಗೆ ತಾಗಿದಂತೆ ಎರಡು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಅಂಗಳದ ಕೆಳಗೆ, ಮುರಕಲ್ಲು ಕಡಿದು ತೆಗೆದಿದ್ದ ಹಳೆಯ ಗುಂಡಿಯನ್ನೇ ಅಗಲಿಸಿ ಕಟ್ಟಿಸಿದ ಈಜುಕೊಳದಲ್ಲಿ ಮನೆಯ ಮಕ್ಕಳೂ ಬಂದ ಅತಿಥಿಗಳೂ ಈಜುತ್ತಾರೆ. 2024ರ ಜುಲೈಯಲ್ಲಿ ಕಲ್ಲಿಕೋಟೆಯ ಕಡೆ ಕೆರೆಯಲ್ಲಿ ಈಜಿದ ಬಾಲಕನೊಬ್ಬ ಅಮೀಬಾದಿಂದ ಬರುವ ಮಿದುಳು ಜ್ವರಕ್ಕೆ ಬಲಿಯಾದ ಸುದ್ದಿ ಓದಿದಂದಿನಿಂದ, ಕೊಳದ ನೀರಿನಲ್ಲಿ ಕ್ಲೋರಿನ್ ನಿಜವಾಗಿ ಎಷ್ಟಿದೆ ಎಂಬ ಪ್ರಶ್ನೆಯನ್ನು ಅಂದಾಜಿಗೆ ಬಿಡುವುದು ನನಗೆ ಸಾಧ್ಯವಾಗಲಿಲ್ಲ. ಆ ಕಾರಣಕ್ಕೆ ತರಿಸಿದ ಟೇಲರ್ ಕೆ-2006 ಕಿಟ್ಟನ್ನು ಒಂದು ವರ್ಷ ಬಳಸಿದ ಅನುಭವವನ್ನೂ, ಶಾಕ್ ಕೊಡುವಾಗ, ಅಂದರೆ ಕೊಳೆಯನ್ನು ಸುಡಲು ಒಮ್ಮೆಗೇ ಹೆಚ್ಚು ಕ್ಲೋರಿನ್ ಹಾಕುವಾಗ, ಮಾಡಬೇಕಾದ ಲೆಕ್ಕವನ್ನೂ ಇಲ್ಲಿ ಬರೆದಿದ್ದೇನೆ.

ಇದಕ್ಕೆ ಮೊದಲು ನನ್ನಲ್ಲಿದ್ದದ್ದು ಹಳದಿ ಬಣ್ಣ ಬರುವ ಸಾಧಾರಣ ಕಿಟ್. ಕೊಳವೆಗೆ ನೀರು ತುಂಬಿಸಿ, ಐದು ಹನಿ ಹಾಕಿ, ಬಂದ ಹಳದಿಯನ್ನು ಪಕ್ಕದ ಪಟ್ಟಿಯೊಂದಿಗೆ ಹೋಲಿಸುವುದು ಅದರ ಕ್ರಮ. ಅದು ತೋರಿಸುವುದು ಒಟ್ಟು ಕ್ಲೋರಿನ್ನನ್ನು ಮಾತ್ರ. ರೋಗಾಣುಗಳನ್ನು ಕೊಲ್ಲಲು ಸಿದ್ಧವಾಗಿರುವ ಮುಕ್ತ ಕ್ಲೋರಿನ್ ಎಷ್ಟು, ಬೆವರು ಮೂತ್ರಗಳ ಸಾರಜನಕದೊಂದಿಗೆ ಸೇರಿ ಕ್ಲೋರಮೈನ್ ಆಗಿ ನಿಷ್ಪ್ರಯೋಜಕವಾದ ಬಂಧಿತ ಕ್ಲೋರಿನ್ ಎಷ್ಟು ಎಂಬುದನ್ನು ಅದು ಬೇರ್ಪಡಿಸಿ ಹೇಳುವುದಿಲ್ಲ. ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆಯ ಕಿಟ್ ಈ ಎರಡನ್ನು ಬೇರ್ಪಡಿಸುತ್ತದೆ. ಆದರೆ ಶಾಕ್ ಕೊಟ್ಟ ನೀರಿನಲ್ಲಿ ಕ್ಲೋರಿನ್ ತೀರಾ ಹೆಚ್ಚಿದ್ದರೆ ಆ ಗುಲಾಬಿ ಬಣ್ಣವೇ ಬಿಳುಚಿ ಹೋಗಿ, ನೀರಿನಲ್ಲಿ ಕ್ಲೋರಿನ್ ಇಲ್ಲವೇ ಇಲ್ಲ ಎಂಬಂತೆ ಕಾಣುತ್ತದೆ. ಆ ಹೊತ್ತಿಗೆ ಮತ್ತೆರಡು ಚಮಚ ಸುರಿಯುವವರೇ ಹೆಚ್ಚು.

ಕೆ-2006 ಕಿಟ್‌ನಲ್ಲಿ ಕ್ಲೋರಿನ್ ಅಳೆಯಲು ಬಣ್ಣ ಹೋಲಿಸುವ ಕೆಲಸವಿಲ್ಲ, ಎಣಿಸುವ ಕೆಲಸ. ಕೊಳವೆಯಲ್ಲಿ 10 ಮಿ.ಲೀ. ನೀರು ತೆಗೆದುಕೊಂಡು ಅದರೊಂದಿಗೆ ಬಂದಿರುವ ಪುಟ್ಟ ಚಮಚದಲ್ಲಿ ಎರಡು ಸಲ ಪುಡಿ ಹಾಕಿದರೆ ನೀರು ದಟ್ಟ ಗುಲಾಬಿಯಾಗುತ್ತದೆ. ಬಳಿಕ ಇನ್ನೊಂದು ಬಾಟಲಿಯಿಂದ ಒಂದೊಂದೇ ಹನಿ ಬಿಡುತ್ತ, ಪ್ರತಿ ಹನಿಗೂ ಕೊಳವೆಯನ್ನು ತಿರುಗಿಸುತ್ತ ಹೋಗಬೇಕು. ಗುಲಾಬಿ ತೆಳುವಾಗುತ್ತ ಬಂದು, ಕೊನೆಗೆ ಒಂದೇ ಒಂದು ಹನಿಗೆ ನೀರು ಥಟ್ಟನೆ ತಿಳಿಯಾಗುತ್ತದೆ. ಹಿಂದಿನ ಹನಿಗೂ ಈ ಹನಿಗೂ ಇರುವ ಅಂತರ ಎಷ್ಟು ಸ್ಪಷ್ಟವೆಂದರೆ, ಕನ್ನಡಕ ಹಾಕಿಯೂ ಬಣ್ಣದ ಪಟ್ಟಿಯಲ್ಲಿ ಎರಡೋ ಮೂರೋ ಎಂದು ತಡವರಿಸುತ್ತಿದ್ದ ನನಗೆ ಇಲ್ಲಿ ಒಮ್ಮೆಯೂ ಸಂಶಯ ಬಂದಿಲ್ಲ. ಹನಿಯೊಂದಕ್ಕೆ 0.5 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಅರ್ಧ ಪಾಲು) ಮುಕ್ತ ಕ್ಲೋರಿನ್ ಎಂದು ಲೆಕ್ಕ. ನಂತರ ಅದೇ ನೀರಿಗೆ ಮೂರನೆಯ ಬಾಟಲಿಯ ಐದು ಹನಿ ಹಾಕಿದಾಗ ಗುಲಾಬಿ ಮರಳಿ ಬಂದರೆ ಬಂಧಿತ ಕ್ಲೋರಿನ್ ಇದೆ ಎಂದರ್ಥ. ಅದನ್ನೂ ಹನಿ ಎಣಿಸಿಯೇ ಅಳೆಯಬೇಕು. ಪಿಎಚ್, ಕ್ಷಾರತೆ, ಗಡಸುತನ, ಬಿಸಿಲಿನಿಂದ ಕ್ಲೋರಿನ್ನನ್ನು ಕಾಪಾಡುವ ಸಯನ್ಯೂರಿಕ್ ಆಮ್ಲ ಇವುಗಳ ಪರೀಕ್ಷೆಗೂ ಇದೇ ಪೆಟ್ಟಿಗೆಯಲ್ಲಿ ಬಾಟಲಿಗಳಿವೆ.

ಇನ್ನು ಲೆಕ್ಕದ ಮಾತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ತೂಕ ಮಾಡಿಯೇ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ನಾವು, ಮಕ್ಕಳು ಮುಳುಗೇಳುವ ನೀರಿಗೆ ಕ್ಲೋರಿನ್ನನ್ನು ಕೈ ಅಂದಾಜಿನಲ್ಲಿ ಎಸೆಯುತ್ತೇವೆ. ಈಜುಕೊಳದ ಲೆಕ್ಕ ತುತ್ತದ ಲೆಕ್ಕಕ್ಕಿಂತ ಕಷ್ಟದ್ದಲ್ಲ. ನಮ್ಮ ಕೊಳದ ಉದ್ದ 8 ಮೀಟರ್, ಅಗಲ 4 ಮೀಟರ್. ಆಳ ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ 1.8 ಮೀಟರ್, ತಳ ಒಂದೇ ಸಮನೆ ಇಳಿಜಾರಾದುದರಿಂದ ಸರಾಸರಿ 1.4 ಮೀಟರ್. ಇವು ಮೂರನ್ನೂ ಗುಣಿಸಿದರೆ 44.8 ಘನ ಮೀಟರ್, ಅಂದರೆ 44,800 ಲೀಟರ್. ಸಾವಿರ ಲೀಟರ್ ನೀರಿನಲ್ಲಿ ಒಂದು ಗ್ರಾಂ ಶುದ್ಧ ಕ್ಲೋರಿನ್ ಇದ್ದರೆ ಅದು 1 ಪಿಪಿಎಂ. ಹಾಗಾಗಿ ನಮ್ಮ ಕೊಳದಲ್ಲಿ 1 ಪಿಪಿಎಂ ಏರಿಸಲು 44.8 ಗ್ರಾಂ ಕ್ಲೋರಿನ್ ಬೇಕು. ಶೇಕಡಾ 65 ಕ್ಲೋರಿನ್ ಇರುವ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಹರಳಾದರೆ ಅದನ್ನು 0.65ರಿಂದ ಭಾಗಿಸಿ ಸುಮಾರು 69 ಗ್ರಾಂ, ಶೇಕಡಾ 33ರ ಬ್ಲೀಚಿಂಗ್ ಪೌಡರ್ ಆದರೆ ಸುಮಾರು 136 ಗ್ರಾಂ. ಈ ಎರಡು ಅಂಕಿಗಳನ್ನು ಪಂಪ್ ಶೆಡ್ಡಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಕಳೆದ ಅಕ್ಟೋಬರಿನಲ್ಲಿ, ಪೂಜೆಯ ರಜೆಗೆ ಬಂದಿದ್ದ ಎರಡು ಕುಟುಂಬಗಳು ಹೊರಟ ಮೇಲೆ, ಕೊಳದ ಬಳಿ ಹೋದರೆ ಮೂಗಿಗೆ ಹೊಡೆಯುವ ವಾಸನೆ ಇತ್ತು. ಈಜಿದ ಮಕ್ಕಳ ಕಣ್ಣು ಕೆಂಪಾಗಿತ್ತು. ಕ್ಲೋರಿನ್ ಜಾಸ್ತಿಯಾಗಿದೆ, ಒಂದು ವಾರ ಹಾಕುವುದು ಬೇಡ ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ. ಆದರೆ ಆ ವಾಸನೆ ಬಹುಮಟ್ಟಿಗೆ ಕ್ಲೋರಮೈನಿನದು. ಕ್ಲೋರಿನ್ ಸಾಲದಿದ್ದಾಗಲೇ ಅದು ಬಲಿಯುತ್ತದೆ. ಕಿಟ್ ತೆರೆದು ನೋಡಿದಾಗ ಮುಕ್ತ ಕ್ಲೋರಿನಿಗೆ ಎರಡೇ ಹನಿ, ಅಂದರೆ 1 ಪಿಪಿಎಂ. ಬಂಧಿತ ಕ್ಲೋರಿನಿಗೆ ಮೂರು ಹನಿ, ಅಂದರೆ 1.5 ಪಿಪಿಎಂ. ಬಂಧಿತ ಕ್ಲೋರಿನ್ನನ್ನು ಸುಟ್ಟು ತೆಗೆಯಲು ಅದರ ಹತ್ತು ಪಟ್ಟಿಗೆ ಮುಕ್ತ ಕ್ಲೋರಿನ್ನನ್ನು ಏರಿಸಬೇಕೆಂಬುದು ಈ ಕೆಲಸದಲ್ಲಿ ರೂಢಿಯಲ್ಲಿರುವ ಸೂತ್ರ. ಗುರಿ 15, ಇರುವುದು 1, ಸೇರಿಸಬೇಕಾದದ್ದು 14 ಪಿಪಿಎಂ. ಅದನ್ನು 44.8ರಿಂದ ಗುಣಿಸಿದರೆ 627 ಗ್ರಾಂ ಶುದ್ಧ ಕ್ಲೋರಿನ್, ಶೇಕಡಾ 65ರ ಹರಳಿನಲ್ಲಿ 965 ಗ್ರಾಂ. ಅಲ್ಲಿಯವರೆಗೆ ನಾನು ಶಾಕ್ ಎಂದು ಹಾಕುತ್ತಿದ್ದದ್ದು ಅರ್ಧ ಕಿಲೋ. ಗುರಿಯ ಅರ್ಧ ದಾರಿಯಲ್ಲಿ ನಿಂತ ಶಾಕ್ ಕ್ಲೋರಮೈನನ್ನು ನಾಶ ಮಾಡುವ ಬದಲು ಮತ್ತಷ್ಟು ಘಾಟಿನ ಕ್ಲೋರಮೈನನ್ನು ಉಳಿಸಿಬಿಡುತ್ತದೆ ಎಂಬುದು ತಿಳಿದಾಗ, ಆ ಮಕ್ಕಳ ಕೆಂಪು ಕಣ್ಣುಗಳು ನೆನಪಾಗಿ ಬಹಳ ಬೇಸರವಾಯಿತು.

ಆದರೆ ಆ ಅರ್ಧ ಕಿಲೋ ಕೂಡ ಅರ್ಧ ಕಿಲೋದ ಕೆಲಸ ಮಾಡುತ್ತಿರಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ, ತೆರೆದಿಟ್ಟ ದೊಡ್ಡ ಡಬ್ಬಿಯಿಂದ ಕಿಲೋ ಲೆಕ್ಕದಲ್ಲಿ ತೂಗಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದ ಹರಳು ಅದು. ಡಬ್ಬಿಯ ಮೇಲೆ ಶೇಕಡಾ 65 ಎಂದೇ ಇತ್ತು. "ಮನೆಯ ಕೊಳಕ್ಕೆ ಒಂದು ಕಿಲೋ ಎರಡು ತಿಂಗಳಿಗೆ ಧಾರಾಳ ಸಾಕು ಅಣ್ಣ" ಎಂದು ಅಂಗಡಿಯ ಹುಡುಗ ಹೇಳಿದ್ದ. ಸಂಶಯ ಬಂದು ಆ ಹರಳನ್ನೇ ಪರೀಕ್ಷೆ ಮಾಡಿದೆ. ಈ ಕಿಟ್ ಇರುವ ಯಾರೂ ಮಾಡಬಹುದಾದ ಪರೀಕ್ಷೆ ಅದು. ಕ್ಯಾನಿನ ಕುಡಿಯುವ ನೀರು 10 ಲೀಟರನ್ನು ಬಕೆಟಿಗೆ ಸುರಿದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ 10 ಗ್ರಾಂ ಹರಳನ್ನು ಅದರಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ಆ ನೀರಿನಿಂದ ಮದ್ದಿನ ಸಿರಿಂಜಿನಲ್ಲಿ 10 ಮಿ.ಲೀ. ತೆಗೆದು ಇನ್ನೊಂದು ಪಾತ್ರೆಯಲ್ಲಿ ಒಂದು ಲೀಟರ್ ಆಗುವಷ್ಟು ಅದೇ ಕ್ಯಾನಿನ ನೀರು ಸೇರಿಸಿದೆ. ಹರಳು ನಿಜವಾಗಿ ಶೇಕಡಾ 65 ಆಗಿದ್ದರೆ ಆ ಕೊನೆಯ ಪಾತ್ರೆಯಲ್ಲಿ 6.5 ಪಿಪಿಎಂ, ಅಂದರೆ 13 ಹನಿ ಬೇಕಿತ್ತು. ಎಂಟನೆಯ ಹನಿಗೇ ಗುಲಾಬಿ ಮಾಯವಾಯಿತು. ಮತ್ತೊಮ್ಮೆ ಮಾಡಿದೆ, ಮತ್ತೂ ಎಂಟು. ನಮ್ಮ ಮಳೆಗಾಲದ ತೇವಾಂಶದಲ್ಲಿ ತೆರೆದಿಟ್ಟ ಹರಳು ಶೇಕಡಾ 40ಕ್ಕೆ ಇಳಿದಿತ್ತು. ಸೀಲ್ ಒಡೆಯದ ಹೊಸ ಡಬ್ಬಿ ತರಿಸಿ ಅದೇ ಪರೀಕ್ಷೆ ಮಾಡಿದಾಗ ಸರಿಯಾಗಿ 13 ಹನಿ. ಈ ಒಂದು ಸಂಗತಿಗಾಗಿಯೇ ಕಿಟ್ಟಿಗೆ ಕೊಟ್ಟ ಹಣ ಸಾರ್ಥಕವೆಂದು ನಾನು ಭಾವಿಸುತ್ತೇನೆ. ಏಕೆಂದರೆ ಡಬ್ಬಿಯ ಮೇಲಿನ ಅಂಕಿ ತಪ್ಪಿದ್ದರೆ ಉಳಿದ ಲೆಕ್ಕವೆಲ್ಲ ಎಷ್ಟು ನಿಖರವಾಗಿದ್ದರೂ ವ್ಯರ್ಥ.

ಹರಳು ಹಾಕುವುದಕ್ಕೆ ಮೊದಲು ಪಿಎಚ್ ನೋಡಿ 7.2ರಿಂದ 7.4ರೊಳಗೆ ತರಬೇಕು. ಪಿಎಚ್ 7.5ರ ಆಸುಪಾಸಿನಲ್ಲಿ ಮುಕ್ತ ಕ್ಲೋರಿನಿನ ಅರ್ಧದಷ್ಟು ಮಾತ್ರ ಚುರುಕಾದ ಹೈಪೊಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೂ ಇಳಿಯುತ್ತದೆ. ಕ್ಲೋರಿನ್ 10 ಪಿಪಿಎಂ ದಾಟಿದ ಮೇಲೆ ಪಿಎಚ್ ಪರೀಕ್ಷೆಯ ಕೆಂಪು ಬಣ್ಣವೇ ನೇರಳೆಗೆ ತಿರುಗಿ ಸುಳ್ಳು ಹೇಳುವುದರಿಂದ, ಈ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಬೇಕು.

ಸಯನ್ಯೂರಿಕ್ ಆಮ್ಲದ ವಿಷಯದಲ್ಲಿ ನಮ್ಮ ಊರಿನ ಪರಿಸ್ಥಿತಿ ಬೇರೆ. ಟ್ರೈಕ್ಲೋರ್ ಎಂಬ ಇನ್ನೊಂದು ಬಗೆಯ ಕ್ಲೋರಿನ್ ಬಿಲ್ಲೆಗಳನ್ನು ಬಳಸಿದರೆ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಮ್ಲ ನೀರಿಗೆ ಸೇರುತ್ತದೆ. ಇದು ಬಿಸಿಲಿನಿಂದ ಕ್ಲೋರಿನ್ನನ್ನು ಕಾಪಾಡುತ್ತದೆ, ಆದರೆ ಅದರ ಕೈಯನ್ನೂ ಕಟ್ಟುತ್ತದೆ. ಆಮ್ಲ 30 ಇದ್ದರೆ ಶಾಕ್‌ಗೆ 12 ಪಿಪಿಎಂ, 50 ಇದ್ದರೆ 20 ಪಿಪಿಎಂ ಎಂದು, ಸುಮಾರು ಶೇಕಡಾ 40ರ ಲೆಕ್ಕದಲ್ಲಿ ಕೊಳದ ಮಾಲೀಕರು ಗುರಿ ಏರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಮೇ ತಿಂಗಳಲ್ಲಿ 60 ಇದ್ದ ಆಮ್ಲ, ಅಕ್ಟೋಬರಿನಲ್ಲಿ ಪರೀಕ್ಷಿಸಿದಾಗ ಕಿಟ್ ಅಳೆಯಬಲ್ಲ ಕನಿಷ್ಠ ಮಟ್ಟಕ್ಕಿಂತಲೂ ಕೆಳಗಿತ್ತು. ಕಾರಣ ಮಳೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುತ್ತದೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ, 1.4 ಮೀಟರ್ ಆಳದ ತೆರೆದ ಕೊಳದ ಮೇಲೆ ಮೂರು ಮೀಟರಿಗೂ ಮಿಕ್ಕಿದ ನೀರು ಬಿದ್ದು, ಅಷ್ಟೇ ನೀರು ಹೊರಹರಿವಿನ ಕೊಳವೆಯಿಂದ ತೋಡಿಗೆ ಹೋಗುತ್ತದೆ. ಹಾಗಾಗಿ ನಮ್ಮ ಮಳೆಗಾಲ ಕಳೆದ ಮೇಲಿನ ಶಾಕ್ ಲೆಕ್ಕವೂ ಬೇಸಗೆಯ ಶಾಕ್ ಲೆಕ್ಕವೂ ಒಂದೇ ಆಗಿರಲು ಸಾಧ್ಯವಿಲ್ಲ. ಇದೇ ಮಳೆ ನೀರಿನ ಗಡಸುತನವನ್ನೂ ತೊಳೆದೊಯ್ಯುತ್ತದೆ; ಮುರಕಲ್ಲಿನ ಪ್ರದೇಶದ ನಮ್ಮ ಬಾವಿಯ ನೀರು ಮೊದಲೇ ಮೆದು. ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ ಸುಮಾರು 7 ಪಿಪಿಎಂ ಗಡಸುತನ ಸೇರಿಸುತ್ತದೆ. ಗಡಸು ನೀರಿನ ಊರುಗಳಲ್ಲಿ ಇದು ತೊಂದರೆಯಾದರೂ, ಸಿಮೆಂಟಿನ ಗೋಡೆಯಿರುವ ನಮ್ಮ ಕೊಳಕ್ಕೆ ಇದು ಉಪಕಾರವೇ. ಆದ್ದರಿಂದ ಶಾಕ್‌ಗೆ ಈ ಹರಳನ್ನೇ ಆರಿಸಿಕೊಂಡಿದ್ದೇನೆ.

ತೋಟ ಪಕ್ಕದಲ್ಲಿರುವವರು ಇನ್ನೊಂದನ್ನು ಗಮನಿಸಬೇಕು. ಮದ್ದು ಬಿಡುವ ದಿನ ಗಾಳಿ ಕೊಳದ ಕಡೆಗಿದ್ದರೆ ಮೈಲುತುತ್ತದ ತಾಮ್ರ ನೀರಿಗೆ ಬೀಳುತ್ತದೆ. ಶಾಕ್ ಕೊಟ್ಟ ಮೇಲೂ ನೀರು ತಿಳಿಯಾಗಿದ್ದು ಹಸುರು ಛಾಯೆ ಮಾತ್ರ ಉಳಿದಿದ್ದರೆ ಅದು ಪಾಚಿಯಲ್ಲದೆ ತಾಮ್ರವಾಗಿರಬಹುದು, ಅದಕ್ಕೆ ಕ್ಲೋರಿನ್ ಸುರಿದು ಪ್ರಯೋಜನವಿಲ್ಲ. ನಾವು ಈಗ ಆ ದಿನ ಕೊಳಕ್ಕೆ ಟಾರ್ಪಾಲು ಹೊದೆಸುತ್ತೇವೆ.

ಅಕ್ಟೋಬರಿನ ಆ ಶಾಕ್ ಕೊಟ್ಟದ್ದು ಸೂರ್ಯ ಮುಳುಗಿದ ಮೇಲೆ, ಬಿಸಿಲು ಕ್ಲೋರಿನ್ನನ್ನು ತಿನ್ನದಿರಲೆಂದು. ಬಕೆಟಿನಲ್ಲಿ ಮೊದಲು ನೀರು, ಆಮೇಲೆ ಹರಳು. ಈ ಕ್ರಮ ತಿರುಗಬಾರದು. ಟ್ರೈಕ್ಲೋರ್ ಮುಟ್ಟಿದ ಚಮಚ ಈ ಹರಳಿನ ಡಬ್ಬಿಗೆ ಹೋಗಲೇಬಾರದು, ಎರಡೂ ಸೇರಿದರೆ ಬೆಂಕಿ ಹತ್ತುತ್ತದೆ. ಆಮ್ಲ ಸೇರಿದರೆ ವಿಷಾನಿಲ ಏಳುತ್ತದೆ. ಈ ವಿಷಯವನ್ನು ಕೆಲಸಕ್ಕೆ ಬರುವವರಿಗೂ ಬಿಡಿಸಿ ಹೇಳಿ, ಹರಳನ್ನೂ ಟ್ರೈಕ್ಲೋರನ್ನೂ ಬೇರೆ ಬೇರೆ ಕೋಣೆಯಲ್ಲಿ ಇಟ್ಟಿದ್ದೇನೆ. 965 ಗ್ರಾಮನ್ನು ನಾಲ್ಕು ಬಕೆಟಿಗೆ ಹಂಚಿ, ಅಡಿಯಲ್ಲಿ ಕುಳಿತ ಬಿಳಿ ಗಸಿಯನ್ನು ಬಿಟ್ಟು ತಿಳಿಯನ್ನು ಮಾತ್ರ, ಪಂಪ್ ಓಡುತ್ತಿರುವಂತೆಯೇ ಸುತ್ತಲೂ ಸುರಿದೆವು.

ಕಿಟ್ ವಿದೇಶದಿಂದ ಬರುವುದರಿಂದ ದುಬಾರಿ. ತಿಂಗಳಿಗೊಮ್ಮೆ ಕೊಳಕ್ಕಿಳಿಯುವ ಮನೆಯವರಿಗೆ ಇಷ್ಟು ಖರ್ಚು ಬೇಕೆಂದು ನಾನು ಹೇಳಲಾರೆ. ಅತಿಥಿಗಳನ್ನು ನೀರಿಗೆ ಇಳಿಸುವವರಿಗೆ ಮಾತ್ರ ಖಂಡಿತ ಬೇಕು, ಮತ್ತು ಅವರು ದೊಡ್ಡ ಬಾಟಲಿಗಳಿರುವ ಕೆ-2006ಸಿ ತೆಗೆದುಕೊಳ್ಳುವುದು ಲೇಸು; ಶಾಕ್‌ನ ದಿನಗಳಲ್ಲಿ ಒಂದೊಂದು ಪರೀಕ್ಷೆಗೂ ಇಪ್ಪತ್ತಕ್ಕೂ ಹೆಚ್ಚು ಹನಿ ಖರ್ಚಾಗುತ್ತದೆ. ದ್ರಾವಣಗಳು ಹಳತಾಗುವುದರಿಂದ, ಬಾಟಲಿಯ ಮೇಲೆ ತೆರೆದ ದಿನಾಂಕ ಬರೆದು, ಬಿಸಿಲು ತಾಗದ ಕಪಾಟಿನಲ್ಲಿಡಬೇಕು. ಪಂಪ್ ಶೆಡ್ಡಿನಲ್ಲಿ ಕ್ಲೋರಿನ್ ಡಬ್ಬಿಯ ಪಕ್ಕದಲ್ಲಿ ಇಡಬಾರದು.

ಆ ರಾತ್ರಿ ಸುರಿದು ಒಂದು ಗಂಟೆಯ ಬಳಿಕ ಟಾರ್ಚಿನ ಬೆಳಕಿನಲ್ಲಿ ಎಣಿಸಿದಾಗ 23 ಹನಿ, 11.5 ಪಿಪಿಎಂ, ಉಳಿದದ್ದು ಕೊಳೆಯನ್ನು ಸುಡಲು ಆಗಲೇ ಖರ್ಚಾಗಿತ್ತು. ಬೆಳಗ್ಗೆ ಬಿಸಿಲು ಬೀಳುವ ಮೊದಲು 21 ಹನಿ, ಅಂದರೆ ರಾತ್ರಿಯಲ್ಲಿ ಇಳಿದದ್ದು 1 ಪಿಪಿಎಂ ಮಾತ್ರ. ಬಂಧಿತ ಕ್ಲೋರಿನಿಗೆ ಒಂದೇ ಹನಿ. ರಾತ್ರಿಯ ಇಳಿಕೆ 1ಕ್ಕೆ, ಬಂಧಿತ ಕ್ಲೋರಿನ್ 0.5ಕ್ಕೆ ನಿಂತರೆ ಶಾಕ್ ಮುಗಿದಂತೆ. ವಾಸನೆ ಇರಲಿಲ್ಲ. 5 ಪಿಪಿಎಂಗಿಂತ ಕೆಳಗೆ ಇಳಿಯುವವರೆಗೆ ಕೊಳದ ಗೇಟಿಗೆ ಬೀಗ ಹಾಕಿದ್ದೆ. ಮರುದಿನ ಸಂಜೆ ಒಂಬತ್ತು ಹನಿಗೆ ನೀರು ತಿಳಿಯಾಯಿತು, ಬೀಗ ತೆಗೆದೆ.