ಕುಡಿಯುವ ನೀರು ಕುದಿಸಲು ಕೆಟಲ್ಲೇ ಸರಿ, ಆದರೆ ಮುಚ್ಚಳ ನೋಡಿ ಕೊಳ್ಳಿ

ತುಮಕೂರಿನ ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಲೀಟರ್‌ನಷ್ಟು ನೀರು ಕುದಿಯುತ್ತದೆ. ಮಾವನವರು ತಣ್ಣೀರು ಮುಟ್ಟುವುದಿಲ್ಲ. ಬೆಳಗಿನ ಐದೂವರೆಗೆ ಒಂದು ಲೋಟ, ಎರಡು ಹೊತ್ತಿನ ಊಟದ ಜೊತೆಗೆ, ರಾತ್ರಿ ಮಾತ್ರೆ ನುಂಗಲು, ಹೀಗೆ ಅವರಿಗೆ ಬಿಸಿನೀರು ಬೇಕೇ ಬೇಕು. ಕಳೆದ ಮೂರು ವರ್ಷಗಳಲ್ಲಿ ಈ ನೀರನ್ನು ಗ್ಯಾಸ್ ಒಲೆಯ ಮೇಲೆ, ಇಂಡಕ್ಷನ್ ಒಲೆಯ ಮೇಲೆ ಮತ್ತು ಎರಡು ವಿದ್ಯುತ್ ಕೆಟಲ್‌ಗಳಲ್ಲಿ ಕುದಿಸಿ ನೋಡಿದ್ದೇನೆ. ಎರಡನೆಯ ಕೆಟಲ್ ಕೊಂಡು ಹದಿನಾಲ್ಕು ತಿಂಗಳಾಯಿತು, ಅದನ್ನು ಬಿಟ್ಟುಕೊಡುವ ಯೋಚನೆ ನನಗಿಲ್ಲ. ಆದರೆ ಕೊಳ್ಳುವವರಿಗೆ ಹೇಳಬೇಕಾದ ಮಾತನ್ನು ನನಗೆ ಕಲಿಸಿದ್ದು ಕೈಕೊಟ್ಟ ಮೊದಲನೆಯ ಕೆಟಲ್.

ಯಾವ ಒಲೆಯಾದರೂ ನೀರು ಕೇಳುವ ಶಾಖ ಒಂದೇ. ತುಮಕೂರು ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಯವರೆಗೆ ಹೋಗದೆ 97ರ ಆಸುಪಾಸಿನಲ್ಲೇ ಕುದಿಯುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಅಲ್ಲಿಗೆ ಮುಟ್ಟಿಸಲು ಸುಮಾರು 300 ಕಿಲೋಜೂಲ್, ಎಂದರೆ 0.084 ಯೂನಿಟ್ ಸಾಕು. ಇದಕ್ಕಿಂತ ಹೆಚ್ಚು ಖರ್ಚಾದದ್ದೆಲ್ಲ ಪಾತ್ರೆಗೆ, ಗಾಳಿಗೆ ಅಥವಾ ಆವಿಗೆ ಹೋದ ಲೆಕ್ಕ.

ಗ್ಯಾಸ್ ಒಲೆಯ ಖರ್ಚನ್ನು ಅಳೆಯುವುದು ಸುಲಭವಾಗಿರಲಿಲ್ಲ, ಏಕೆಂದರೆ ಒಂದು ಲೀಟರ್‌ಗೆ ತಗಲುವ ಹತ್ತಿಪ್ಪತ್ತು ಗ್ರಾಂ ಅನಿಲ ಯಾವ ತಕ್ಕಡಿಗೂ ನೆಟ್ಟಗೆ ಸಿಗುವುದಿಲ್ಲ. ಆದ್ದರಿಂದ ಎರಡು ದಿನ ಬೇರೆ ಅಡುಗೆಯನ್ನು ಇಂಡಕ್ಷನ್ ಮೇಲೆ ಮಾಡಿಕೊಂಡು, ಗ್ಯಾಸಿನಲ್ಲಿ ಹತ್ತು ಸಲ ಒಂದೊಂದು ಲೀಟರ್ ನೀರು ಕುದಿಸಿ, ಕೊಕ್ಕೆಯ ಡಿಜಿಟಲ್ ತಕ್ಕಡಿಗೆ ಸಿಲಿಂಡರನ್ನು ನೇತುಹಾಕಿ ಮೊದಲಿನ ಮತ್ತು ಕೊನೆಯ ತೂಕ ನೋಡಿದೆ. ಮುಚ್ಚಳವಿಲ್ಲದ ಸಣ್ಣ ಪಾತ್ರೆಯನ್ನು ದೊಡ್ಡ ಉರಿಯಲ್ಲಿಟ್ಟಾಗ 180 ಗ್ರಾಂ ಇಳಿದಿತ್ತು. ಅಗಲ ತಳದ ಪಾತ್ರೆಗೆ ಮುಚ್ಚಳ ಹಾಕಿ, ಉರಿ ತಳದಾಚೆ ಚಾಚದಂತೆ ಇಳಿಸಿದಾಗ 135 ಗ್ರಾಂ. ಅದೇ ಒಲೆ, ಅದೇ ನೀರು. ಮುಚ್ಚಳ ಮತ್ತು ಉರಿಯಿಂದಲೇ ಕಾಲು ಭಾಗ ಉಳಿಯಿತು. ಸಿಲಿಂಡರಿಗೆ 855 ರೂಪಾಯಿ ಎಂದು ಹಿಡಿದರೆ ಲೀಟರ್‌ಗೆ ಮೊದಲ ಬಗೆಯಲ್ಲಿ 1 ರೂಪಾಯಿ 8 ಪೈಸೆ, ಎರಡನೆಯ ಬಗೆಯಲ್ಲಿ 81 ಪೈಸೆ.

ಗ್ಯಾಸ್ ಒಲೆಯ ನಿಜವಾದ ನಷ್ಟ ಇದಕ್ಕಿಂತ ಬೇರೆಡೆ ಇದೆ: ಅದು ತಾನಾಗಿ ನಿಲ್ಲುವುದಿಲ್ಲ. ನೀರು ಕುದಿ ಬಂದ ಮೇಲೂ ಮಾವನವರು "ಇನ್ನೂ ಸ್ವಲ್ಪ ಮರಳಲಿ ಕಣಮ್ಮ" ಎನ್ನುತ್ತಿದ್ದರು, ನಾನೂ ಬಿಡುತ್ತಿದ್ದೆ. ಕುದಿ ಬಂದ ನೀರು ಎಷ್ಟು ಮರಳಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ, ಆವಿಯಾಗುತ್ತದೆ ಅಷ್ಟೇ. ಆರೇಳು ನಿಮಿಷದಲ್ಲಿ ಕುದಿ ಬಂದ ಪಾತ್ರೆಯನ್ನು ಅದೇ ಉರಿಯಲ್ಲಿ ಇನ್ನೂ ಆರೇಳು ನಿಮಿಷ ಬಿಟ್ಟರೆ ಅಷ್ಟೇ ಗ್ಯಾಸ್ ಮತ್ತೊಮ್ಮೆ ಉರಿದುಹೋಗುತ್ತದೆ. ನೀರು ಚೆನ್ನಾಗಿ ಕುದಿ ಬಂದರೆ ರೋಗಾಣುಗಳು ಸಾಯಲು ಅದೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಮ್ಮ ಜಿಲ್ಲೆಯ ಕೊಳವೆಬಾವಿಗಳನ್ನು ಕಾಡುವ ಫ್ಲೋರೈಡ್ ಎಷ್ಟು ಮರಳಿಸಿದರೂ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ. ಇದನ್ನು ವಿವರಿಸಿ ಹೇಳಿದ ಮೇಲೆ ಮಾವನವರು ಒಪ್ಪಿದರು.

ಇಂಡಕ್ಷನ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಮ್ಮ ವಿದ್ಯುತ್ ಮೀಟರಿನ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಮನೆಯ ಬೇರೆಲ್ಲ ಸ್ವಿಚ್‌ಗಳನ್ನು ಆರಿಸಿ, ಆ ದೀಪದ ವಿಡಿಯೊ ಹಿಡಿದು ಎಣಿಸಿದಾಗ ಇಂಡಕ್ಷನ್‌ನಲ್ಲಿ ಒಂದು ಲೀಟರ್‌ಗೆ 365 ಮಿನುಗು, ಕೆಟಲ್‌ನಲ್ಲಿ 312 ಮಿನುಗು ಸಿಕ್ಕಿತು. ಅಂತರ ದೊಡ್ಡದಲ್ಲ. ಆದರೆ ಅಯಸ್ಕಾಂತ ಅಂಟದ ಪಾತ್ರೆಗೆ ಇಂಡಕ್ಷನ್ ಸ್ಪಂದಿಸುವುದಿಲ್ಲವಾದ್ದರಿಂದ ಮನೆಯ ತಾಮ್ರದ ತಂಬಿಗೆ, ಅಲ್ಯೂಮಿನಿಯಂ ಪಾತ್ರೆ ಎರಡೂ ಮೂಲೆ ಸೇರಿದವು. ಒಂದು ಲೋಟ ನೀರಿಗಾಗಿ ಇಡುವ ಪುಟ್ಟ ಪಾತ್ರೆಯನ್ನು ಅದು ಗುರುತಿಸುವುದೇ ಇಲ್ಲ. ಟೈಮರ್ ಇದೆ, ಆದರೆ ನೀರು ಕುದಿಯಿತೇ ಇಲ್ಲವೇ ಎಂಬುದು ಟೈಮರಿಗೆ ತಿಳಿಯುವುದಿಲ್ಲ.

ಕೆಟಲ್‌ಗೆ ಅದು ತಿಳಿಯುತ್ತದೆ, ಮತ್ತು ನಾನು ಅದರ ಪಕ್ಷ ವಹಿಸುವುದು ಈ ಒಂದು ಗುಣಕ್ಕಾಗಿ. ನೀರು ಕುದಿಯತೊಡಗಿದಾಗ ಏಳುವ ಆವಿಯಲ್ಲಿ ಸ್ವಲ್ಪ ಭಾಗ ಹಿಡಿಕೆಯ ಬಳಿಯ ಸಣ್ಣ ಕಿಂಡಿಯ ಮೂಲಕ ಇಳಿದು ಸ್ವಿಚ್ಚಿನ ಹಿಂದಿರುವ ಒಂದು ಲೋಹದ ಬಿಲ್ಲೆಗೆ ತಗಲುತ್ತದೆ. ಎರಡು ಬೇರೆ ಲೋಹಗಳನ್ನು ಬೆಸೆದು ಮಾಡಿದ ಆ ಬಿಲ್ಲೆಯಲ್ಲಿ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಬಿಸಿ ತಾಗಿದೊಡನೆ ಬಿಲ್ಲೆ ಟಕ್ಕನೆ ಮಗುಚಿ ಸ್ವಿಚ್ಚನ್ನು ಎಗರಿಸುತ್ತದೆ. ಇಷ್ಟೆಲ್ಲ ನಡೆಯಬೇಕಾದರೆ ಆವಿ ಆ ಕಿಂಡಿಗೆ ಹೋಗಬೇಕು, ಆವಿ ಆ ಕಿಂಡಿಗೆ ಹೋಗಬೇಕಾದರೆ ಮುಚ್ಚಳ ಬಿಗಿಯಾಗಿ ಕೂರಬೇಕು.

ನನ್ನ ಮೊದಲ ಕೆಟಲ್‌ಗೆ 750 ರೂಪಾಯಿ ಕೊಟ್ಟಿದ್ದೆ. ನಾಲ್ಕು ತಿಂಗಳಿಗೆ ಅದರ ಮುಚ್ಚಳದ ಕೀಲು ಸಡಿಲವಾಯಿತು. ನಮ್ಮದು ಕೊಳವೆಬಾವಿಯ ಗಡಸು ನೀರು. ಮುಚ್ಚಳದ ಅಂಚಿಗೆ ಸುಣ್ಣದಂಥ ಬಿಳಿ ಪೊರೆ ಕಟ್ಟಿ ಒಂದು ಕಡೆ ಕೂದಲೆಳೆಯಷ್ಟು ಸಂದು ಉಳಿಯುತ್ತಿತ್ತು. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಒಂದು ಬೆಳಗ್ಗೆ ಒಂದೂವರೆ ಲೀಟರ್ ನೀರು ತುಂಬಿಸಿ, ಸ್ವಿಚ್ ಒತ್ತಿ, ಅದು ತಾನೇ ಆರುತ್ತದೆಂಬ ಭರವಸೆಯಿಂದ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡಲು ಹೋದೆ. ಮರಳಿ ಬಂದಾಗ ಅಡುಗೆಮನೆಯ ಕಿಟಕಿಯ ಗಾಜು ಬೆವರಿತ್ತು, ಮೇಲಿನ ಕಪಾಟಿನ ಬಾಗಿಲಿನಿಂದ ಹನಿ ತೊಟ್ಟಿಕ್ಕುತ್ತಿತ್ತು, ಕೆಟಲ್ ಮಾತ್ರ ಕೊತಕೊತ ಕುದಿಯುತ್ತಲೇ ಇತ್ತು.

ಉಳಿದ ನೀರನ್ನು ಅಳೆದು ನೋಡಿದೆ: 400 ಮಿಲಿಲೀಟರ್ ಆವಿಯಾಗಿ ಹೋಗಿತ್ತು. ನೀರನ್ನು ಕುದಿಯುವ ಹಂತಕ್ಕೆ ತರುವುದಕ್ಕಿಂತ ಕುದಿಯುವ ನೀರನ್ನು ಆವಿ ಮಾಡುವುದಕ್ಕೆ ಏಳು ಪಟ್ಟಿಗೂ ಹೆಚ್ಚು ಶಾಖ ಬೇಕು. ಆ 400 ಮಿಲಿಲೀಟರ್‌ಗೆ ಸುಮಾರು ಕಾಲು ಯೂನಿಟ್, 1500 ವ್ಯಾಟ್‌ನಲ್ಲಿ ಹತ್ತು ನಿಮಿಷ. ಅಷ್ಟು ವಿದ್ಯುತ್ತಿನಲ್ಲಿ ಇನ್ನೂ ಎರಡೂವರೆ ಲೀಟರ್ ನೀರು ಕುದಿಸಬಹುದಿತ್ತು. ಆ ಒಂದು ಬೆಳಗ್ಗೆ ನನ್ನ ಕೆಟಲ್ ಗ್ಯಾಸ್ ಒಲೆಗಿಂತಲೂ ದುಬಾರಿಯಾಯಿತು. ಕೆಟಲ್ ತಳದಲ್ಲಿ ಇನ್ನೊಂದು ರಕ್ಷಣೆ ಇರುತ್ತದೆ, ಆದರೆ ಅದು ಕೆಲಸ ಮಾಡುವುದು ನೀರು ಪೂರ್ತಿ ಬತ್ತಿದ ಮೇಲೆ.

ಮರುದಿನ ಮುಚ್ಚಳವನ್ನು ಕೈಯಿಂದ ಒತ್ತಿ ಹಿಡಿದು ನೋಡಿದಾಗ ಅದೇ ಕೆಟಲ್ ಕುದಿ ಬಂದ ಹನ್ನೆರಡು ಸೆಕೆಂಡಿಗೆ ಆರಿತು. ಕೈಬಿಟ್ಟಾಗ ಎರಡು ನಿಮಿಷ ಕಾದರೂ ಆರಲಿಲ್ಲ. ಬಿಲ್ಲೆಯಲ್ಲಿ ದೋಷವಿಲ್ಲ, ಮುಚ್ಚಳದಲ್ಲೇ ದೋಷ ಎಂಬುದು ಖಚಿತವಾಯಿತು. ದುರಸ್ತಿ ಕೇಂದ್ರದವರು ಕೀಲು ಸವೆದರೆ ವಾರಂಟಿಗೆ ಬರುವುದಿಲ್ಲವೆಂದರು. ಪೊರೆಯನ್ನು ನಿಂಬೆರಸ ಹಾಕಿ ತೆಗೆದೆ, ಸಂದು ಕಡಿಮೆಯಾಯಿತು. ಆದರೆ ಸಡಿಲವಾದ ಕೀಲು ಮತ್ತೆ ಬಿಗಿಯಾಗಲಿಲ್ಲ.

ಎರಡನೆಯದನ್ನು ಅಂಗಡಿಯಲ್ಲೇ ನೀರು ತುಂಬಿಸಿ ನೋಡಿ ಕೊಂಡೆ. ಅಂಗಡಿಯವರು ಮೊದಲು ಒಪ್ಪಲಿಲ್ಲ. "ಅಣ್ಣ, ಇದು ತಾನೇ ಆರುವುದನ್ನು ಕಣ್ಣಾರೆ ನೋಡದೆ ನಾನು ಒಯ್ಯುವುದಿಲ್ಲ" ಎಂದ ಮೇಲೆ ಪ್ಲಗ್ ತೋರಿಸಿದರು. 1400 ರೂಪಾಯಿ, ಒಂದು ಲೀಟರ್, ಒಳಗೆಲ್ಲ ಸ್ಟೀಲ್, ಮುಚ್ಚಿದಾಗ ಗಟ್ಟಿಯಾಗಿ ಸದ್ದು ಮಾಡುವ ಮುಚ್ಚಳ. ಕನಿಷ್ಠ ನೀರಿನ ಗೆರೆ ಕೆಳಗಿರುವುದನ್ನೂ ನೋಡಿಕೊಂಡೆ, ಏಕೆಂದರೆ ಮೊದಲನೆಯದರಲ್ಲಿ ಒಂದು ಲೋಟಕ್ಕಾಗಿ ಅರ್ಧ ಲೀಟರ್ ಕುದಿಸಬೇಕಾಗಿತ್ತು.

1500 ವ್ಯಾಟ್ ಎಂದು ಹೆದರಬೇಕಾಗಿಲ್ಲ. ವ್ಯಾಟ್ ಹೆಚ್ಚಿದ್ದರೆ ಬೇಗ ಕುದಿದು ಬೇಗ ಆರುತ್ತದೆ, ಯೂನಿಟ್ ಏರುವುದಿಲ್ಲ. ಆದರೆ ಅದು ಆರು ಆಂಪಿಯರ್‌ಗೂ ಹೆಚ್ಚು ಎಳೆಯುವುದರಿಂದ 16 ಆಂಪಿಯರ್‌ನ ಪವರ್ ಪ್ಲಗ್‌ಗೇ ಹಾಕಬೇಕು, ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಬಾರದು.

ನಮ್ಮ ಖರ್ಚಿನ ಲೆಕ್ಕ ಹೀಗಿದೆ. ಕೆಟಲ್‌ಗೆ ತಿಂಗಳಿಗೆ ಒಂಬತ್ತು ಯೂನಿಟ್ ಹೋಗುತ್ತದೆ. ಗೃಹಜ್ಯೋತಿಯಲ್ಲಿ ನಮಗೆ ಹಿಂದಿನ ಸರಾಸರಿಯಾದ 92 ಯೂನಿಟ್‌ಗೆ ಶೇ 10 ಸೇರಿಸಿ 101 ಯೂನಿಟ್‌ವರೆಗೆ ಬಿಲ್ ಇಲ್ಲ, ಮತ್ತು ನಮ್ಮ ಬಳಕೆ ಅದರೊಳಗೇ ಇದೆ. ಮೊದಲು 38 ದಿನ ಬರುತ್ತಿದ್ದ ಸಿಲಿಂಡರ್ ಈಗ 44 ದಿನ ಬರುತ್ತಿದೆ, ಎಂದರೆ ತಿಂಗಳಿಗೆ ನೂರು ರೂಪಾಯಿಯ ಹತ್ತಿರ ಉಳಿತಾಯ, ಕೆಟಲ್‌ಗೆ ಕೊಟ್ಟ ಹಣ ಬಹುತೇಕ ಹುಟ್ಟಿದೆ. ಯೂನಿಟ್‌ಗೆ ಆರೂವರೆ ರೂಪಾಯಿಯಂತೆ ಹಣ ಕಟ್ಟುವವರಿಗೆ ಉಳಿಯುವುದು ತಿಂಗಳಿಗೆ ನಲವತ್ತು ರೂಪಾಯಿಯಷ್ಟೇ, ಕೆಟಲ್‌ನ ಬೆಲೆ ಹುಟ್ಟಲು ಮೂರು ವರ್ಷ ಬೇಕು. ಮಿತಿಯ ಅಂಚಿನಲ್ಲಿರುವವರು ಈ ಒಂಬತ್ತು ಯೂನಿಟ್ ಸೇರಿಸಿ ಲೆಕ್ಕ ಹಾಕಿಕೊಳ್ಳಬೇಕು.

ನಾಡಿನ ಇಂಧನದ ಲೆಕ್ಕ ಬೇರೆ, ಅದನ್ನೂ ಹೇಳದಿರಲಾರೆ. ಕಲ್ಲಿದ್ದಲ ಸ್ಥಾವರದಲ್ಲಿ ಸುಟ್ಟ ಶಾಖದ ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ರಾಯಚೂರಿನ ಕಲ್ಲಿದ್ದಲ ಸ್ಥಾವರದಿಂದ ಬಂದ ವಿದ್ಯುತ್ತಿನಲ್ಲಿ ಕುದಿಸಿದರೆ, ಮುಚ್ಚಳ ಹಾಕಿದ ಗ್ಯಾಸ್ ಒಲೆಗಿಂತ ಹೆಚ್ಚು ಇಂಧನವೇ ಖರ್ಚಾದೀತು. ಶರಾವತಿಯ ನೀರಿನಿಂದಲೋ ನಮ್ಮದೇ ಜಿಲ್ಲೆಯ ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕಿನಿಂದಲೋ ಬಂದರೆ ಆ ಮಾತಿಲ್ಲ. ಆದ್ದರಿಂದ ಬೆಳಗಿನ ಒಂದು ಲೋಟ ಬಿಟ್ಟು ಉಳಿದ ನೀರನ್ನು ಬಿಸಿಲೇರಿದ ಮೇಲೆ ಕುದಿಸಿ ಫ್ಲಾಸ್ಕಿಗೆ ತುಂಬಿಡುತ್ತೇನೆ. ರಾತ್ರಿ ಮಾತ್ರೆಯ ಹೊತ್ತಿಗೂ ಅದು ಕುಡಿಯಲು ಹದವಾಗಿರುತ್ತದೆ.

ಎಂಟು ಹತ್ತು ಲೀಟರ್ ಒಟ್ಟಿಗೆ ಕುದಿಸಿ ಆರಿಸಿಡುವ ಮನೆಯವರಿಗೆ ಮುಚ್ಚಳದ ದೊಡ್ಡ ಪಾತ್ರೆಯೇ ಅನುಕೂಲ. ಕೆಟಲ್‌ನಲ್ಲಿ ಹತ್ತು ಸಲ ತುಂಬಿಸುತ್ತ ನಿಲ್ಲಲು ಆಗದು. ವಿದ್ಯುತ್ ಹೋದಾಗ ನಾವೂ ಗ್ಯಾಸ್ ಒಲೆಗೇ ಹೋಗುತ್ತೇವೆ. ಎರಡು ವಾರಕ್ಕೊಮ್ಮೆ ಭಾನುವಾರ ಕೆಟಲ್‌ಗೆ ನೀರು ತುಂಬಿ, ಒಂದು ನಿಂಬೆಹಣ್ಣು ಹಿಂಡಿ, ಕುದಿಸಿ, ಅರ್ಧ ಗಂಟೆ ಬಿಟ್ಟು ತೊಳೆಯುತ್ತೇನೆ. ಮುಚ್ಚಳದ ಅಂಚನ್ನು ಬಟ್ಟೆಯಿಂದ ಒರೆಸಿ, ಹೊಸ ನೀರಿಟ್ಟು, ಕುದಿ ಬಂದ ಮೇಲೆ ಆರಲು ಎಷ್ಟು ಸೆಕೆಂಡ್ ಎಂದು ಎಣಿಸುತ್ತೇನೆ. ಕಳೆದ ಭಾನುವಾರ ಹದಿಮೂರಾಗಿತ್ತು.