ಮಾಳಮಡ್ಡಿಯ ಅಕ್ಕೋರ ಕ್ಲಾಸು: ಮೂರು ತಿಂಗಳು ಕಲಿತವಳ ಮಾತು

ಧಾರವಾಡದಲ್ಲಿ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಕೋಚಿಂಗ್ ಅಂದ ಕೂಡಲೇ ಎಲ್ಲರೂ ಸಪ್ತಾಪುರದ ದಾರಿ ತೋರಿಸುತ್ತಾರೆ. ನಾನೂ ಮೊದಲು ಅಲ್ಲಿಗೇ ಹೋಗಿದ್ದೆ. ಆದರೆ ಈ ವಿಮರ್ಶೆ ಬರೆಯುತ್ತಿರುವುದು ಮಾಳಮಡ್ಡಿಯ ಒಂದು ಹಂಚಿನ ಮನೆಯ ಪಡಸಾಲೆಯ ಬಗ್ಗೆ. ಅಲ್ಲಿ ಬೋರ್ಡಿಲ್ಲ, ಯೂಟ್ಯೂಬ್ ಚಾನೆಲ್ ಇಲ್ಲ. ಓಣಿಯವರು ಅಕ್ಕೋರ ಕ್ಲಾಸು ಅಂತಾರೆ. ನಡೆಸುವವರು ನಿವೃತ್ತ ಕನ್ನಡ ಶಿಕ್ಷಕಿ. ತಮ್ಮ ಹೆಸರು ಎಲ್ಲೂ ಹಾಕಬೇಡ ಅಂದಿದ್ದಾರೆ, ಹಾಗಾಗಿ ನಾನೂ ಅಕ್ಕೋರು ಅಂತಲೇ ಬರೆಯುತ್ತೇನೆ.

ನಾನು ಹುಬ್ಬಳ್ಳಿ ನವನಗರದ ಒಂದು ಖಾಸಗಿ ಶಾಲೆಯಲ್ಲಿ ಆರು ಮತ್ತು ಏಳನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಬಿ.ಎ., ಬಿ.ಇಡಿ. ಆಗಿದೆ. ಸರ್ಕಾರಿ ಶಾಲೆಗೆ ಹೋಗಬೇಕು ಅನ್ನೋದು ಮೊದಲಿನಿಂದಲೂ ಇದ್ದ ಆಸೆ. ಆರರಿಂದ ಎಂಟನೇ ತರಗತಿಯವರೆಗೆ ಕಲಿಸುವ ನೌಕರಿಗೆ ಬಿ.ಇಡಿ. ಒಂದೇ ಸಾಲದು, ಟಿಇಟಿ ಪಾಸಾಗಿರಲೇಬೇಕು. 150 ಪ್ರಶ್ನೆ, 150 ಅಂಕ, ಎರಡೂವರೆ ತಾಸು. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಸಾಮಾನ್ಯ ವರ್ಗದವರಿಗೆ 90 ಬೇಕು. ಹೋದ ಸಲ ನನಗೆ ಬಂದದ್ದು 86. ನಾಲ್ಕೇ ಅಂಕ! ಅಂಕಪಟ್ಟಿ ನೋಡಿದರೆ ಹೊಟ್ಟೆ ಉರಿಯುವಂಥದ್ದು ಬೇರೆಯೇ ಇತ್ತು. ದಿನಾ ನಾನು ಕಲಿಸುವ ಕನ್ನಡದಲ್ಲೇ 30ಕ್ಕೆ 19.

ಆಗ ನಾನು ಹೋಗುತ್ತಿದ್ದ ದೊಡ್ಡ ಕೋಚಿಂಗ್ ಸೆಂಟರಿನಲ್ಲಿ ಒಂದು ಹಾಲಿಗೆ ಇನ್ನೂರು ಜನ. ಮೈಕಿನಲ್ಲಿ ಪಾಠ. ಸಮಾಜ ವಿಜ್ಞಾನದ ನೋಟ್ಸ್ ನಿಜವಾಗಿಯೂ ಛಲೋ ಇತ್ತು, ಅದನ್ನು ಹೇಳಲೇಬೇಕು. ಕನ್ನಡ ಪತ್ರಿಕೆಯ ವಿಷಯ ಬಂದಾಗ ಮಾತ್ರ "ಮಾತೃಭಾಷೆ ಅಲ್ಲೇನ್ರಿ, ತಾನಾಗೇ ಬರ್ತದ" ಅಂತ ಒಂದು ಪ್ರಶ್ನೆಪತ್ರಿಕೆ ಕೊಟ್ಟು ಕೈಬಿಟ್ಟರು. ತಾನಾಗೇ ಬರಲಿಲ್ಲ. ಭಾಷೆ ಬರೋದು ಬೇರೆ, ಭಾಷೆ ಕಲಿಸೋದು ಬೇರೆ. ಟಿಇಟಿ ಗದ್ಯ, ಪದ್ಯ ಕೊಟ್ಟು ಅರ್ಥ ಕೇಳುತ್ತದೆ ನಿಜ, ಆದರೆ ಭಾಷೆಯನ್ನು ಮಗುವಿಗೆ ಹೇಗೆ ಕಲಿಸುತ್ತೀರಿ ಅಂತಲೂ ಕೇಳುತ್ತದೆ. ನಾನು ಎಡವಿದ್ದು ಅಲ್ಲೇ.

ಬಿ.ಇಡಿ.ಯಲ್ಲಿ ಇದನ್ನೆಲ್ಲ ಕಲಿಸಿರಬೇಕಲ್ವಾ ಅಂತ ಕೇಳಬಹುದು. 2015ರಿಂದ ಬಿ.ಇಡಿ. ಎರಡು ವರ್ಷದ್ದಾಗಿದೆ. ಕಡಿಮೆ ಅಂದರೂ 20 ವಾರ ಶಾಲೆಯ ಒಡನಾಟ ಇರಬೇಕು ಅಂತ ನಿಯಮವೂ ಇದೆ. ನಾನು ಓದಿದ ಕಡೆ ಆ ವಾರಗಳು ಹಾಜರಿ ಪುಸ್ತಕದ ಸಹಿಯಲ್ಲಿ ಮುಗಿದವು. ಪಾಠಯೋಜನೆಯನ್ನು ಹಿಂದಿನ ಬ್ಯಾಚಿನವರ ಫೈಲಿನಿಂದ ಇಳಿಸಿಕೊಂಡೆವು. ನನ್ನ ಪಾಠವನ್ನು ಹಿಂದೆ ಕೂತು ಪೂರ್ತಿ ನೋಡಿದವರು ಒಬ್ಬರೂ ಇರಲಿಲ್ಲ. ಆರು ವರ್ಷ ಕಲಿಸಿದ ಮೇಲೂ ನನ್ನ ಪಾಠ ಹೇಗಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಕ್ಕೋರ ಕ್ಲಾಸಿನಲ್ಲಿ ಮೊದಲ ಭಾನುವಾರವೇ ಅದು ಗೊತ್ತಾಯಿತು.

ಶನಿವಾರ ಮಧ್ಯಾಹ್ನ ಮೂರರಿಂದ ಆರು, ಭಾನುವಾರ ಬೆಳಗ್ಗೆ ಒಂಬತ್ತರಿಂದ ಒಂದು. ಮೂರು ತಿಂಗಳಿಗೆ 4,500 ರೂಪಾಯಿ, ಎರಡು ಕಂತಿನಲ್ಲಿ ಕೊಡಬಹುದು. ಹನ್ನೆರಡು ಜನಕ್ಕಿಂತ ಜಾಸ್ತಿ ತಗೊಳ್ಳೋದಿಲ್ಲ. ನಾನು ಶನಿವಾರ ಶಾಲೆ ಬಿಟ್ಟ ಮೇಲೆ ನವನಗರದಲ್ಲಿ ಚಿಗರಿ ಬಸ್ ಹತ್ತಿ ಜುಬಿಲಿ ಸರ್ಕಲ್ಲಿಗೆ ಇಳಿದು, ಅಲ್ಲಿಂದ ಆಟೊ ಹಿಡಿಯುತ್ತಿದ್ದೆ. ಶನಿವಾರ ನಮ್ಮ ನಮ್ಮೊಳಗೆ ಓದು, ಚರ್ಚೆ. ಭಾನುವಾರ ಮಕ್ಕಳು ಬರುತ್ತಾರೆ. ಅಕ್ಕಪಕ್ಕದ ಓಣಿಗಳ ಹತ್ತು ಹನ್ನೆರಡು ಮಕ್ಕಳು, ಎಲ್ಲ ಮೂರು ನಾಲ್ಕನೇ ತರಗತಿಯವರು. ಪಾಠ ಮುಗಿದ ಮೇಲೆ ಅಕ್ಕೋರು ಅವರಿಗೆ ಗಿರ್ಮಿಟ್ ಮಾಡಿಕೊಡುತ್ತಾರೆ. ನಾವು ಆ ಮಕ್ಕಳಿಗೆ ಕಲಿಸಬೇಕು, ಉಳಿದ ಹನ್ನೊಂದು ಜನ ಗೋಡೆಗೆ ಒರಗಿ ಕೂತು ನೋಡಬೇಕು.

ಪಾಠ ಆರೇ ನಿಮಿಷ. ಬಿ.ಇಡಿ. ಮಾಡಿದವರಿಗೆಲ್ಲ ಮೈಕ್ರೊ ಟೀಚಿಂಗ್ ಗೊತ್ತು: ಆರು ನಿಮಿಷ ಪಾಠ, ಆರು ನಿಮಿಷ ಅದರ ಮೇಲೆ ಮಾತು, ಹನ್ನೆರಡು ನಿಮಿಷದಲ್ಲಿ ಯೋಜನೆ ತಿದ್ದಿಕೊಳ್ಳೋದು, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ಮಾತು. ಒಟ್ಟು 36 ನಿಮಿಷ. ನಾವು ಕಾಲೇಜಿನಲ್ಲಿ ಇದರ ಚಕ್ರದ ಚಿತ್ರ ಬರೆದು ಬಣ್ಣ ಹಚ್ಚಿದ್ದೆವು. ಇಲ್ಲಿ ಅಕ್ಕೋರು ಅಲಾರಂ ಗಡಿಯಾರ ಪಕ್ಕಕ್ಕಿಟ್ಟುಕೊಂಡು ಅದನ್ನು ನಿಜವಾಗಿ ಮಾಡಿಸುತ್ತಾರೆ.

ನನ್ನ ಮೊದಲ ಪಾಠ ಪ್ರಾಣಿಗಳ ಹೆಸರು. ಚಿತ್ರ ತೋರಿಸಿ ಇದೇನು ಅಂತ ಕೇಳಿದೆ. ಮುಂದೆ ಕೂತಿದ್ದ ಹುಡುಗ ಜಿಗಿದೆದ್ದು "ಕತ್ತಿ!" ಅಂದ. ನಾನು "ಕತ್ತಿ ಅಲ್ಲಪ್ಪಾ, ಕತ್ತೆ. ಕತ್ತಿ ಅಂದ್ರೆ ಕೊಯ್ಯೋದು" ಅಂದೆ. ಅವನು ಕೂತ. ಮುಂದಿನ ಐದು ನಿಮಿಷ ಅವನು ಬಾಯಿ ತೆರೆಯಲಿಲ್ಲ. ಪಕ್ಕದವರೂ ನನ್ನ ಮುಖ ನೋಡಿ, ಪಿಸುಮಾತಿನಲ್ಲಿ ಕೇಳಿಕೊಂಡು, ಆಮೇಲೆ ಉತ್ತರ ಹೇಳಲು ಶುರು ಮಾಡಿದರು. ನನಗೆ ಇದು ಕಾಣಲೇ ಇಲ್ಲ. ಪಾಠ ಚಂದ ನಡೆಯಿತು ಅಂದುಕೊಂಡೆ.

ಅಲಾರಂ ಹೊಡೆಯಿತು. ಅಕ್ಕೋರ ಕೈಯಲ್ಲಿ ಒಂದು ರಟ್ಟಿನ ಚೂರು. ಮಗು ಮಾತಾಡಿದಾಗೆಲ್ಲ ಅದರ ಮೇಲೆ ಒಂದು ಗೆರೆ ಎಳೆಯುತ್ತಾರೆ. ನನ್ನದರಲ್ಲಿ ಒಂಬತ್ತು ಗೆರೆ ಇತ್ತು. ಒಂಬತ್ತರಲ್ಲಿ ಆರು ಗೆರೆಗೆ ಸುತ್ತು ಹಾಕಿದ್ದರು.

"ಈ ಆರು ಸಲ ಹುಡುಗ್ರು ಒಂದೊಂದ ಶಬ್ದ ಅಂದಾರ, ಅದೂ ಅಂಜಿ. ನೀ ಮನ್ಯಾಗ ಕತ್ತೆಗೆ ಏನಂತಿ, ತಂಗಿ?"

"ಕತ್ತಿ ಅಂತೀನ್ರಿ ಅಕ್ಕೋರ."

"ಮತ್ತ ಅವಂದು ಏನ್ ತಪ್ಪಾತು?"

ನಾನು ನವಲಗುಂದ ಕಡೆಯವಳು. ನಮ್ಮ ಮನೆಯಲ್ಲಿ ಮನಿ, ಎಮ್ಮಿ, ಕುದರಿ, ತಲಿ. ಶಾಲೆಯ ಬಾಗಿಲು ದಾಟಿದ ಕೂಡಲೇ ಮನೆ, ಎಮ್ಮೆ, ಕುದುರೆ, ತಲೆ. ಈ ದಾಟುವಿಕೆ ನನಗೆ ಯಾವಾಗ, ಹೇಗೆ ಬಂತು ಅಂತ ನೆನಪೇ ಇಲ್ಲ. ಯಾರಾದರೂ ಗದರಿಸಿಯೇ ಕಲಿಸಿರಬೇಕು. ಅದನ್ನೇ ನಾನು ಆ ಹುಡುಗನಿಗೆ ಮಾಡಿದ್ದೆ. ಹನ್ನೆರಡು ನಿಮಿಷದಲ್ಲಿ ಯೋಜನೆ ಬದಲಿಸಬೇಕಿತ್ತು. ಅಕ್ಕೋರು ಹೇಳಿದ್ದು ಇಷ್ಟೇ: "ಅವರ ಮಾತು ಮೊದ್ಲ ಹಲಿಗೆ ಮ್ಯಾಲೆ ಬರೀ."

ಬರೆದೆ. ಮಕ್ಕಳು ಹೇಳಿದ ಹಾಗೇ ಎಡಗಡೆ ಮನಿ, ಎಮ್ಮಿ, ಕತ್ತಿ, ಕುದರಿ, ತಲಿ. ಆಮೇಲೆ ಹೆಸರು ಬರೆದ ಚಿತ್ರದ ಕಾರ್ಡು ಕೊಟ್ಟು, ಪುಸ್ತಕದಲ್ಲಿ ಇವನ್ನು ಹೇಗೆ ಬರೆಯುತ್ತಾರೆ ಹುಡುಕಿ ಅಂದೆ. ಅವರೇ ಎದ್ದು ಬಂದು ಬಲಗಡೆ ಮನೆ, ಎಮ್ಮೆ, ಕತ್ತೆ ಬರೆದರು. "ಏನ್ ಫರಕ್ ಐತಿ?" ಅಂತ ಕೇಳಿದೆ. ಒಂದು ಕ್ಷಣ ಗಪ್. ಮೊದಲು ಸುಮ್ಮನಾಗಿದ್ದ ಅದೇ ಹುಡುಗ ಹಲಗೆಯ ಹತ್ತಿರ ಬಂದು ಕಡೆಯ ಅಕ್ಷರ ಮುಟ್ಟಿ ಹೇಳಿದ: "ಅಕ್ಕೋರ, ಗುಡಿಸು ಹೋಗಿ ಎತ್ವ ಬಂದೈತ್ರಿ!"

ನನಗೆ ಮೈ ಜುಮ್ಮೆಂದಿತು. ನಾನು ಹೇಳಿಕೊಡಬೇಕಿದ್ದ ನಿಯಮವನ್ನು ಅವನೇ ತೆಗೆದು ಕೊಟ್ಟಿದ್ದ.

ಅದೇ ಹುಮ್ಮಸ್ಸಿನಲ್ಲಿ ಒಂದು ಹುಡುಗಿ ಎಡಗಡೆ ರೊಟ್ಟಿ, ಬಲಗಡೆ ರೊಟ್ಟೆ ಅಂತ ಬರೆದಳು. ನಾನು ಡಸ್ಟರ್ ಎತ್ತಿದೆ. ಹಿಂದಿನಿಂದ ಅಕ್ಕೋರ ದನಿ: "ಅಳಸಬ್ಯಾಡ." ಆಮೇಲೆ ಬಿಡಿಸಿ ಹೇಳಿದರು. ರೊಟ್ಟೆ ಅಂತ ಬರೆದ ಮಗುವಿಗೆ ನಿಯಮ ಹತ್ತಿದೆ, ಅದು ಎಲ್ಲಿವರೆಗೆ ನಡೆಯುತ್ತದೆ ಅನ್ನೋದಷ್ಟೇ ಗೊತ್ತಾಗಿಲ್ಲ. ಹಾಗಾಗಿ ಮುಂದಿನ ಪಾಠ ಬದಲಾಗದ ಶಬ್ದಗಳನ್ನು ಮಕ್ಕಳಿಂದಲೇ ಹುಡುಕಿಸೋದು: ರೊಟ್ಟಿ, ಅಕ್ಕಿ, ನಾಯಿ, ಹಳ್ಳಿ. ಇದನ್ನೇ ನನ್ನ ಬಿ.ಇಡಿ. ನೋಟ್ಸಿನಲ್ಲಿ ಅತಿ ಸಾಮಾನ್ಯೀಕರಣ ಅಂತ ಒಂದು ಸಾಲಿನಲ್ಲಿ ಬರೆದುಕೊಂಡಿದ್ದೆ. ಉದಾಹರಣೆಯಿಂದ ನಿಯಮಕ್ಕೆ ಹೋಗುವುದು ಅನುಗಮನ, ನಿಯಮದಿಂದ ಉದಾಹರಣೆಗೆ ಬರುವುದು ನಿಗಮನ ಅಂತ ಬಾಯಿಪಾಠವೂ ಮಾಡಿದ್ದೆ. ಪರೀಕ್ಷೆಯಲ್ಲಿ ಮಾತ್ರ ಎರಡನ್ನೂ ಅದಲು ಬದಲು ಮಾಡುತ್ತಿದ್ದೆ. ಆ ಭಾನುವಾರದ ನಂತರ ಒಮ್ಮೆಯೂ ತಪ್ಪಿಲ್ಲ. ಅನುಗಮನ ಅಂದರೆ ನನಗೆ ಈಗ ಹಲಗೆ ಮುಟ್ಟಿ ನಿಂತ ಆ ಹುಡುಗ.

ನಮ್ಮ ಬ್ಯಾಚಿನಲ್ಲಿ ಕಲಘಟಗಿ ಕಡೆಯ ಸರ್ಕಾರಿ ಶಾಲೆಯ ಒಬ್ಬರು ಹಿರಿಯ ಸರ್ ಇದ್ದರು. ವಯಸ್ಸು 52. ಸೇವೆಯಲ್ಲಿರುವ ಶಿಕ್ಷಕರಿಗೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂತ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿತಲ್ಲ, ಅದಾದ ಮೇಲೆ ಸೇರಿಕೊಂಡವರು. ಮೊದಲ ವಾರ ಯಾರ ಜೊತೆಗೂ ಮಾತಾಡಲಿಲ್ಲ. ಇಷ್ಟು ವರ್ಷ ಕಲಿಸಿದವರಿಗೆ ಮತ್ತೆ ಪರೀಕ್ಷೆ ಅಂದರೆ ಎಷ್ಟು ನೋವಾಗಿರಬೇಕು ಅಂತ ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅಕ್ಕೋರು ಅವರಿಗೆ ಮಹಾಪ್ರಾಣದ ಪಾಠ ಕೊಟ್ಟರು. ನಮ್ಮ ಭಾಗದ ಮಕ್ಕಳು ಭಾಷೆಯನ್ನು ಬಾಷೆ, ಕಠಿಣವನ್ನು ಕಟಿಣ ಅಂತ ಬರೆಯೋದು ನಿಮಗೂ ಗೊತ್ತು. ಸರ್ ಜೇಬಿನಿಂದ ಒಂದು ಚೀಟಿ ತೆಗೆದು, ಬೆರಳಗಲದ ಪಟ್ಟಿ ಹರಿದು, ಬಾಯಿ ಮುಂದೆ ಹಿಡಿದು ಕ ಅಂದರು. ಪಟ್ಟಿ ಅಲುಗಲಿಲ್ಲ. ಖ ಅಂದರು. ಪಟ್ಟಿ ಹಾರಿತು. ಐದು ನಿಮಿಷದಲ್ಲಿ ಪಡಸಾಲೆಯ ತುಂಬ ಮಕ್ಕಳು ಹಾಳಿ ಹರಿದುಕೊಂಡು ಬ, ಭ, ಟ, ಠ ಅಂತ ಊದುತ್ತಿದ್ದರು. ಅಕ್ಕೋರ ರಟ್ಟಿನ ಮೇಲೆ ಗೆರೆ ಹಾಕಲು ಜಾಗ ಉಳಿಯಲಿಲ್ಲ. "ಇದನ್ನ ನೀವು ನಮಗ ಕಲಸ್ರಿ ಸರ್" ಅಂದರು ಅಕ್ಕೋರು. ಅವತ್ತಿನಿಂದ ಸರ್ ನಮ್ಮ ಜೊತೆ ಕೂತು ಚಹಾ ಕುಡಿಯಲು ಶುರು ಮಾಡಿದರು.

ವಹಿ ತಿದ್ದುವ ವಿಷಯದಲ್ಲೂ ನನ್ನ ರೂಢಿ ಬದಲಾಗಿದೆ. ಕೆಂಪು ಪೆನ್ನು ಅಲ್ಲಿ ಇಲ್ಲವೇ ಇಲ್ಲ. ಒಂದು ವಹಿಯಲ್ಲಿ ಒಂದೇ ಬಗೆಯ ತಪ್ಪು ಹಿಡಿಯಬೇಕು. ಈ ವಾರ ಒತ್ತಕ್ಷರ ಅಂದರೆ ಒತ್ತಕ್ಷರ ಮಾತ್ರ. ಶ, ಷ ತಪ್ಪಿದ್ದರೂ ಬಿಡಬೇಕು. ನನಗೆ ಇದು ತುಂಬಾ ಕಷ್ಟ ಆಯಿತು, ಕೈ ತಡೆಯೋದಿಲ್ಲ. ಆದರೆ ನನ್ನ ಆರನೇ ತರಗತಿಯಲ್ಲಿ ಮಾಡಿ ನೋಡಿದೆ. ಮಕ್ಕಳು ವಹಿ ಇಸಕೊಂಡ ಕೂಡಲೇ ಮುಚ್ಚಿಡುತ್ತಿದ್ದವರು ಈಗ ತೆರೆದು ನೋಡುತ್ತಾರೆ.

ಶನಿವಾರದ ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಮುಂಬೈ ಪ್ರಾಂತ್ಯದ ಕಾಲದಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಮರಾಠಿಯದ್ದೇ ದರ್ಬಾರು. ಆಗ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಊರೂರಲ್ಲಿ ಕನ್ನಡ ಶಾಲೆ ತೆರೆಸಲು ದುಡಿದರು. ಮನೆಯ ಮಾತು ಶಾಲೆಯೊಳಗೆ ಬರಲಿ ಅಂತ ಅಷ್ಟು ದುಡಿದ ಊರಿನಲ್ಲಿ ಕೂತು, ಮಗು ಮನಿ ಅಂದರೆ ನಾವು ಬಾಯಿ ಮುಚ್ಚಿಸಬಹುದಾ ಅಂತ ಅಕ್ಕೋರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ಇನ್ನು ಕೊರತೆಗಳು. ಇಲ್ಲಿ ಸಿಗೋದು ಕನ್ನಡ ಬೋಧನೆ ಒಂದೇ. ಟಿಇಟಿ ಎರಡನೇ ಪತ್ರಿಕೆಯಲ್ಲಿ ಭಾಷೆ ಒಂದಕ್ಕೆ 30, ಭಾಷೆ ಎರಡಕ್ಕೆ 30, ಶಿಶು ವಿಕಾಸ ಮತ್ತು ಬೋಧನೆಗೆ 30, ಉಳಿದ 60 ಗಣಿತ ವಿಜ್ಞಾನಕ್ಕೆ ಇಲ್ಲವೇ ಸಮಾಜ ವಿಜ್ಞಾನಕ್ಕೆ. ಆ 60ಕ್ಕೆ ನೀವೇ ಓದಿಕೊಳ್ಳಬೇಕು, ಇಂಗ್ಲಿಷಿಗೂ ಬೇರೆ ದಾರಿ ನೋಡಿಕೊಳ್ಳಬೇಕು. ಮಗು ಹೇಗೆ ಕಲಿಯುತ್ತದೆ ಅಂತ ಸಿದ್ಧಾಂತ ಕೊಟ್ಟ ಪಿಯಾಜೆ, ವೈಗೋಟ್ಸ್ಕಿ ಪಾಠದ ನಡುವೆ ಬಂದರೆ ಬಂದರು. ಕ್ರಮವಾಗಿ ಹೇಳಿಕೊಡೋದಿಲ್ಲ. ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯ ಅಭ್ಯಾಸ ಕಡೆಯ ಎರಡು ಭಾನುವಾರ ಮಾತ್ರ, ಅದು ಬಹಳ ಕಡಿಮೆ ಆಯಿತು. ಇದನ್ನು ಅಕ್ಕೋರಿಗೂ ಹೇಳಿದ್ದೇನೆ. ಛಂದಸ್ಸನ್ನು ಓಡಿಸಿಬಿಟ್ಟರು. ನೆಲದ ಮೇಲೆ ಜಮಖಾನ ಹಾಸಿ ಕೂರಬೇಕು, ಬೆನ್ನುನೋವು ಇದ್ದವರಿಗೆ ನಾಲ್ಕು ತಾಸು ಕಷ್ಟ. ಕೇಳಿದರೆ ಕುರ್ಚಿ ಕೊಡುತ್ತಾರೆ. ಪರೀಕ್ಷೆಗೆ ಇನ್ನು ಒಂದೇ ತಿಂಗಳು ಇದೆ ಅನ್ನುವವರು ಇಲ್ಲಿಗೆ ಬರಬೇಡಿ, ಅಷ್ಟರಲ್ಲಿ ಆಗೋದಿಲ್ಲ.

ಈ ಸಲ ನನಗೆ 103 ಬಂದಿದೆ. ಕನ್ನಡದಲ್ಲಿ 27. ಸಮಾಜ ವಿಜ್ಞಾನಕ್ಕೆ ಆ ಹಳೆಯ ನೋಟ್ಸೇ ಕೈ ಹಿಡಿಯಿತು. ಹಿರಿಯ ಸರ್ ಕೂಡ ಪಾಸಾದರು. ಫಲಿತಾಂಶದ ದಿನ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದರು, ಅದರಲ್ಲಿ ಅರ್ಧ ಅವರ ಶಾಲೆಯ ಮಕ್ಕಳ ಹಾಳಿ ಪಟ್ಟಿಯ ಸುದ್ದಿಯೇ.

ಸೇರುವವರು ಖುದ್ದಾಗಿ ಹೋಗಿ ಕೇಳಬೇಕು, ಫೋನಿನಲ್ಲಿ ಒಪ್ಪಿಕೊಳ್ಳೋದಿಲ್ಲ. ಮಾಳಮಡ್ಡಿಯಲ್ಲಿ ಯಾವ ಕಿರಾಣಿ ಅಂಗಡಿಯಲ್ಲಿ ಕೇಳಿದರೂ ಮನೆ ತೋರಿಸುತ್ತಾರೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಹೋಗಬೇಡಿ, ಅದು ಅವರು ಮಲಗುವ ಹೊತ್ತು. ಭಾನುವಾರ ಹೋದರೆ ಮಕ್ಕಳ ಪಾಠ ನೋಡಬಹುದು. ಹಿಂದೆ ಗೋಡೆಗೆ ಒರಗಿ ಕೂತುಕೊಳ್ಳಿ, ಯಾರೂ ಏನೂ ಅನ್ನೋದಿಲ್ಲ. ಗಿರ್ಮಿಟ್ ನಿಮಗೂ ಸಿಗುತ್ತದೆ.